ಸಣ್ಣ ಗೀರಿಗೆ ಕ್ಲೇಮ್ ಹಾಕಬೇಕಾ, ಕೈಯಿಂದಲೇ ಕೊಡಬೇಕಾ?

ಬೇಸ್‌ಮೆಂಟಿನಿಂದ ಕಾರು ತೆಗೆಯುವಾಗ ಎಡಗಡೆ ಹಿಂಬಾಗಿಲು, ಬಂಪರ್ ಮೂಲೆ ಎರಡೂ ಕಂಬಕ್ಕೆ ಉಜ್ಜಿದವು. 1200 ಸಿಸಿ ಕಾರು, ಝೀರೋ ಡೆಪ್ (ಬಿಡಿಭಾಗಗಳಿಗೆ ಸವಕಳಿ ಅಂತ ದುಡ್ಡು ಕಟ್ ಮಾಡದ ಆಡ್-ಆನ್) ಇಲ್ಲ. ಬಾಗಿಲಿನ ಟಿಂಕರಿಂಗ್, ಪೇಂಟಿಂಗ್‌ಗೆ 5,500, ಹೊಸ ಬಂಪರ್‌ಗೆ 4,000 ಅಂತ ಎಸ್ಟಿಮೇಟ್ ಕೊಟ್ಟಿದ್ದಾರೆ. ಮೂರು ವರ್ಷದಿಂದ ಕ್ಲೇಮ್ ಮಾಡಿಲ್ಲ, ಈಗ 35% ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇದೆ. ಗ್ಯಾರೇಜಿನವರು “ಇನ್ಶೂರೆನ್ಸ್ ಇದೆಯಲ್ಲ, ಹಾಕಿಬಿಡಿ” ಅನ್ನುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

ಉತ್ತರ 1
ನಾನೂ ಹೀಗೇ “ಹಾಕಿಬಿಟ್ಟು” ಕೈ ಸುಟ್ಟುಕೊಂಡವನು. ಮೊದಲು ಸಿಗುವುದೆಷ್ಟು ನೋಡಿ. ಪ್ಲಾಸ್ಟಿಕ್ ಅಂತ ಬಂಪರ್‌ಗೆ ಅರ್ಧ ದುಡ್ಡು ಕಟ್, 2,000 ಹೋಯಿತು. ಬಣ್ಣದ ಸಾಮಾನಿಗೂ ಅರ್ಧ ಕಟ್. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೂ 1,000 ನಾವೇ ಕೊಡಬೇಕು. ಕೊನೆಗೆ ನಿಮಗೆ ಸುಮಾರು ಆರು ಸಾವಿರ ಉಳಿಯುತ್ತದೆ, ಅಷ್ಟೇ.

ಈಗ ಹೋಗುವುದೆಷ್ಟು? ಪಾಲಿಸಿಯಲ್ಲಿ ನಮ್ಮ ಕಾರಿನ ಹಾನಿಗೆ ಓನ್ ಡ್ಯಾಮೇಜ್ ಪ್ರೀಮಿಯಂ ಅಂತ ಬೇರೆ ಇರುತ್ತದೆ, ಎನ್‌ಸಿಬಿ ಅದಕ್ಕೆ ಮಾತ್ರ. ಬೇರೆಯವರಿಗಾಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಮೊತ್ತಕ್ಕೆ ಬರಲ್ಲ. ರಿಯಾಯಿತಿ ಕಳೆಯುವ ಮುಂಚಿನ ಮೊತ್ತ 8,000 ಅಂದುಕೊಳ್ಳಿ. ಸುಮ್ನಿದ್ದರೆ ಮುಂದಿನ ರಿನ್ಯೂವಲ್‌ಗೆ 45%, ಅದರಾಚೆ 50%. ಕ್ಲೇಮ್ ಹಾಕಿದರೆ ಸೊನ್ನೆ. ಮೊದಲ ವರ್ಷವೇ 3,600 ಹೋಯಿತು. ನಾನು ಅಲ್ಲಿಗೇ ಲೆಕ್ಕ ನಿಲ್ಲಿಸಿದ್ದೆ, ಅದೇ ತಪ್ಪಾದದ್ದು. ಸೊನ್ನೆಯಿಂದ ಮತ್ತೆ 20, 25, 35, 45 ಅಂತ ಹತ್ತಿಕೊಂಡು ಬರಬೇಕಲ್ವಾ? ಸುಮ್ನಿದ್ದರೆ ಆ ವರ್ಷಗಳಲ್ಲಿ ಸಿಗುತ್ತಿದ್ದ 50%ಗೆ ಹೋಲಿಸಿದರೆ ವ್ಯತ್ಯಾಸ 2,400, 2,000, 1,200, 400. ಮೊದಲ ವರ್ಷದ 3,600 ಎಲ್ಲಾ ಸೇರಿ 9,600. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುತ್ತದೆ, ಹಾಗಾಗಿ ಸ್ವಲ್ಪ ಕಡಿಮೆಯೇ ಹಿಡಿಯಿರಿ. ಆದರೂ ಮೂಗಿಗಿಂತ ಮೂಗುತಿ ಭಾರ.

ಉತ್ತರ 2
ಒಂದು ಮಾತು ಸೇರಿಸುತ್ತೇನೆ. ಇದೇ ಪಾಲಿಸಿ ವರ್ಷದಲ್ಲಿ ಆಗಲೇ ದೊಡ್ಡ ಕ್ಲೇಮ್ ಆಗಿದ್ದರೆ ಎನ್‌ಸಿಬಿ ಹೇಗೂ ಹೋಗಿದೆ, ಆಗ ಇದನ್ನೂ ಹಾಕಬಹುದು. ಶಿರಾಡಿ ಘಾಟಿಯಲ್ಲಿ ಟಿಪ್ಪರ್‌ನಿಂದ ಕಲ್ಲು ಸಿಡಿದು ನನ್ನ ಮುಂದಿನ ಗಾಜು ಒಡೆಯಿತು. ಗಾಜಿಗೆ ಸವಕಳಿ ಕಡಿತ ಇಲ್ಲ, ಧೈರ್ಯವಾಗಿ ಕ್ಲೇಮ್ ಹಾಕಿದೆ. ಆಮೇಲೆ ಅದೇ ವರ್ಷ ಫೆಂಡರ್ ನೆಗ್ಗಿದಾಗ ಯೋಚಿಸಲೇ ಇಲ್ಲ.

ಉತ್ತರ 3
ಕ್ಲೇಮ್ ಹಾಕಿದರೂ ರಿಯಾಯಿತಿ ಉಳಿಸುವ ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದೆಯಾ ನೋಡಿ. ಇದ್ದರೆ ಮೇಲಿನ ಲೆಕ್ಕವೇ ಬೇರೆ. ಕ್ಲೇಮ್ ಹಾಕುವುದೇ ಆದರೆ ರಿಪೇರಿಗೆ ಮುಂಚೆ ಕಂಪನಿಗೆ ತಿಳಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಕ್ಲೇಮ್ ತೆಗೆದುಕೊಂಡು ಬೇರೆ ಕಂಪನಿಯಲ್ಲಿ “ಏನೂ ಮಾಡಿಲ್ಲ” ಅಂತ ಬರೆಯಬೇಡಿ. ಹಳೇ ಕಂಪನಿಯನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಾರೆ, ಸಿಕ್ಕಿಬೀಳುತ್ತೀರಿ.

ಉತ್ತರ 4
ಇದೆಲ್ಲ ಕಂಬಕ್ಕೆ ಗುದ್ದಿದಾಗ ಮಾತ್ರ. ಯಾರಿಗಾದರೂ ಪೆಟ್ಟಾಗಿದ್ದರೆ ಲೆಕ್ಕ ಹಾಕುತ್ತಾ ಕೂರಬೇಡಿ. ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೂ ಕಂಪನಿಗೂ ತಿಳಿಸಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಪಾಲಿಸಿ ತೆಗೆದು ನೋಡಿದೆ, ನನ್ನ ಓನ್ ಡ್ಯಾಮೇಜ್ 7,400. ಕ್ಲೇಮ್ ಬಿಟ್ಟೆ. ಮನೆ ಹತ್ತಿರದ ಟಿಂಕರ್ ಬಾಗಿಲನ್ನು 3,000ಕ್ಕೆ ಸರಿಮಾಡಿಕೊಟ್ಟರು. ಬಂಪರ್ ಮೇಲಿನ ಹಳದಿ ಗೀರಿಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹಳೇ ಬನಿಯನ್‌ನಲ್ಲಿ ತಿಕ್ಕಿದರು. ಮುಕ್ಕಾಲು ಪಾಲು ಎದ್ದುಬಂತು. ಅದು ಕಂಬದ ಪೇಂಟ್ ಕಣ್ರೀ!