ಟ್ಯಾಂಕಿನ ಪಕ್ಕ ಕ್ಲೋರಿನ್ ವಾಸನೆ, ಕೊನೆ ಬೀದಿಯಲ್ಲಿ ಸೊನ್ನೆ: ಪೌಡರ್ ಜಾಸ್ತಿ ಮಾಡೋದಾ?

ಪ್ರಶ್ನೆ: ಗ್ರಾಮ ನೀರು ಸಮಿತಿ ಸದಸ್ಯರು

ನಮ್ಮೂರಿನ ಓವರ್‌ಹೆಡ್ ಟ್ಯಾಂಕ್ 50,000 ಲೀಟರಿನದು. ಬೋರ್‌ವೆಲ್ ನೀರು ತುಂಬಲು ಎರಡೂವರೆ ಗಂಟೆ ಬೇಕು. ತುಂಬಿದ ಮೇಲೆ ನೀರುಗಂಟಿ ಅರ್ಧ ಕೆಜಿ ಬ್ಲೀಚಿಂಗ್ ಪೌಡರ್ ಕಲಸಿ ಮೇಲಿಂದ ಸುರಿಯುತ್ತಾರೆ. ಬೆಳಿಗ್ಗೆ ಒಂದೇ ಹೊತ್ತು ನೀರು ಬಿಡೋದು. ಟ್ಯಾಂಕಿನ ಹತ್ತಿರದ ಮನೆಯವರು ವಾಸನೆಗೆ ಬಾಯಿಗೇ ಇಡೋಕಾಗಲ್ಲ ಅಂತಾರೆ. ವಾಸನೆ ಕಮ್ಮಿಯಾದ ಮೇಲೆ ಅಲ್ಲಿ ಕ್ಲೋರಿನ್ ಅಳೆದರೆ ಲೀಟರಿಗೆ 0.8 ಮಿಲಿಗ್ರಾಂ, ಕೊನೆ ಬೀದಿಯಲ್ಲಿ ಸೊನ್ನೆ. ಕೊನೆಯ 600 ಮೀಟರ್ ಹಳೇ ಮೂರಿಂಚು ಜಿಐ (ಸತು ಬಳಿದ ಕಬ್ಬಿಣದ) ಪೈಪು. ಪೌಡರ್ ಒಂದು ಕೆಜಿ ಮಾಡಿದರೆ ಸರಿಹೋಗುತ್ತಾ?

ಉತ್ತರ: ಬಹುಗ್ರಾಮ ಯೋಜನೆಯ ಶುದ್ಧೀಕರಣ ಘಟಕದವರು

ಒಂದು ಕೆಜಿ ಬೇಡ ಸಾರ್. ಮೊದಲು ಲೆಕ್ಕ ನೋಡಿ. ಪೌಡರಿನಲ್ಲಿ 25% ಕ್ಲೋರಿನ್ ಇದೆ ಅಂದುಕೊಂಡರೆ 500 ಗ್ರಾಂಗೆ 125 ಗ್ರಾಂ ಕ್ಲೋರಿನ್. 50,000 ಲೀಟರಿಗೆ ಲೀಟರಿಗೆ 2.5 ಮಿಲಿಗ್ರಾಂ ಬಂತು. ನಿಮಗೆ ಸಿಗ್ತಿರೋದು 0.8. ಬಾಕಿ 1.7 ಎಲ್ಲಿ ಹೋಯ್ತು ಅನ್ನೋದನ್ನ ಹಿಡೀಬೇಕು. ಪೌಡರೇ ಸತ್ತಿರಬಹುದು, ನೀರೇ ತಿನ್ನುತ್ತಿರಬಹುದು, ಇಲ್ಲ ಟ್ಯಾಂಕಿನಲ್ಲಿ ಸರಿಯಾಗಿ ಬೆರೆಯದೇ ಇರಬಹುದು.

ಪೌಡರ್ ಪರೀಕ್ಷೆ ಹೀಗೆ: 1 ಗ್ರಾಂ ಪೌಡರನ್ನ 1 ಲೀಟರ್ ಬ್ಯಾಟರಿ ಡಿಸ್ಟಿಲ್ಡ್ ವಾಟರಿಗೆ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯಲ್ಲಿ 5 ಎಂಎಲ್ ತೆಗೆದು ಇನ್ನೊಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಹಾಕಿ ಅಳೆಯಿರಿ. ಬಂದ ಅಂಕಿಯನ್ನ 20ರಿಂದ ಗುಣಿಸಿದರೆ ಅದೇ ಶೇಕಡಾವಾರು. 1.6 ಬಂದರೆ 32%, ಹೊಸ ಮಾಲು. 0.6 ಬಂದರೆ 12%, ಆ ಚೀಲ ಚರಂಡಿಗಷ್ಟೇ ಲಾಯಕ್ಕು. ಪಂಪ್‌ಹೌಸಿನ ಬಿಸಿಲು, ತೇವದಲ್ಲಿ ಬಾಯಿ ತೆರೆದ ಚೀಲ ಬೇಗ ಸತ್ವ ಕಳ್ಕೊಳ್ಳುತ್ತೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ನೆರಳಲ್ಲಿಡಿ. ತಗಡಿನ ಡಬ್ಬಿ ಬೇಡ, ತುಕ್ಕು ಹಿಡಿದು ತೂತಾಗುತ್ತೆ.

ಇನ್ನು ವಾಸನೆ. ತುಂಬಿದ ಟ್ಯಾಂಕಿಗೆ ಮೇಲಿಂದ ಸುರಿದ ದ್ರಾವಣ ನೀರಿಗಿಂತ ಭಾರ, ಸೀದಾ ತಳಕ್ಕಿಳಿಯುತ್ತೆ. ಔಟ್‌ಲೆಟ್ ಇರೋದೂ ತಳದಲ್ಲೇ. ಹಾಗಾಗಿ ವಾಲ್ವ್ ತಿರುಗಿಸಿದ ತಕ್ಷಣ ಹತ್ತಿರದ ಮನೆಗೆ ಕ್ಲೋರಿನ್ ಜಾಸ್ತಿ ಇರೋ ನೀರು, ಆಮೇಲಿನವರಿಗೆ ಬರೀ ಬೋರ್ ನೀರು. ಪೌಡರ್ ದುಪ್ಪಟ್ಟು ಮಾಡಿದರೆ ವಾಸನೆಯೂ ದುಪ್ಪಟ್ಟು, ಅಷ್ಟೇ. ಕ್ಲೋರಿನ್ ನೀರು ತುಂಬುವಾಗಲೇ ಬೀಳಬೇಕು. ಪೌಡರನ್ನ ಮೊದಲು ಸ್ವಲ್ಪ ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, 20 ಲೀಟರಿಗೆ ಏರಿಸಿ, ಒಂದು ಗಂಟೆ ಬಿಟ್ಟು ತಿಳಿಯನ್ನ ಮಾತ್ರ ನಲ್ಲಿ, ಟ್ಯೂಬ್ ಇರೋ ಬೇರೆ ಕ್ಯಾನಿಗೆ ಬಗ್ಗಿಸಿ. ಎರಡೂವರೆ ಗಂಟೆಗೆ 20 ಲೀಟರ್ ಅಂದರೆ ನಿಮಿಷಕ್ಕೆ ಸುಮಾರು 130 ಎಂಎಲ್, ಇನ್‌ಲೆಟ್ ನೀರು ಧುಮುಕುವ ಜಾಗಕ್ಕೇ ಬೀಳಲಿ. ಕ್ಯಾನಿನ ಮಟ್ಟ ಇಳಿದಂತೆ ಹರಿವೂ ಕುಗ್ಗುತ್ತೆ, ಅರ್ಧ ಗಂಟೆಗೊಮ್ಮೆ ಅಳತೆ ಲೋಟ ಹಿಡಿದು ನಲ್ಲಿ ಸರಿಮಾಡಿ. ಸುಣ್ಣ ಬಂದರೆ ಟ್ಯೂಬ್ ಕಟ್ಟಿಕೊಳ್ಳುತ್ತೆ, ವಾರಕ್ಕೊಮ್ಮೆ ತೊಳೀಬೇಕು. ತುಂಬಿದ ಮೇಲೆ ಕನಿಷ್ಠ 30 ನಿಮಿಷ ಬಿಟ್ಟು ವಾಲ್ವ್ ತೆಗೀರಿ. ಕಲಸುವಾಗ ಗ್ಲೌಸ್, ಮಾಸ್ಕ್, ಕನ್ನಡಕ ಇರಲಿ. ಆ ಬಕೆಟ್ಟಿಗೆ ಆಸಿಡ್ ಸೋಕಬಾರದು, ವಿಷಗಾಳಿ ಏಳುತ್ತೆ.

ಉತ್ತರ: ನೀರಿನ ಲ್ಯಾಬಿನವರು

ಪೌಡರ್ ಚೆನ್ನಾಗಿದ್ದೂ 1.7 ಮಾಯವಾದರೆ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಅಮೋನಿಯಾ ನೋಡಿಸಿ. 1 ಮಿಲಿಗ್ರಾಂ ಕಬ್ಬಿಣ ಸುಮಾರು 0.64 ಮಿಲಿಗ್ರಾಂ ಕ್ಲೋರಿನ್ ತಿನ್ನುತ್ತೆ, ಮ್ಯಾಂಗನೀಸ್ 1.3. ಅಮೋನಿಯಾ ಎಲ್ಲಕ್ಕಿಂತ ಹೊಟ್ಟೆಬಾಕ: ಅದರ 1 ಮಿಲಿಗ್ರಾಂ ಸಾರಜನಕ ಮುಗಿಸೋಕೆ 8ರಿಂದ 10 ಮಿಲಿಗ್ರಾಂ ಬೇಕು.

ಬಣ್ಣ ಹೋಲಿಸಿ ಕ್ಲೋರಿನ್ ಅಳೆಯೋ ಕ್ಲೋರೋಸ್ಕೋಪಿನ, ಹಳದಿ ಬಣ್ಣ ಬರಿಸೋ ಓಟಿ (ಆರ್ಥೋಟಾಲಿಡಿನ್) ದ್ರಾವಣವನ್ನ ನಾನಂತೂ ನಂಬಲ್ಲ. ಹತ್ತು ಸೆಕೆಂಡಿನೊಳಗೆ ಓದದಿದ್ದರೆ ಅಮೋನಿಯಾ ಜೊತೆ ಸೇರಿದ ಕ್ಲೋರಿನ್ನೂ ಬಣ್ಣ ಕೊಟ್ಟು ಸುಳ್ಳು ಹೇಳುತ್ತೆ. ಗುಲಾಬಿ ಬಣ್ಣ ಬರಿಸೋ ಡಿಪಿಡಿ ಮಾತ್ರೆ ತಗೊಳ್ಳಿ: 1ನೇ ಮಾತ್ರೆ ಮುಕ್ತ ಕ್ಲೋರಿನ್ನಿಗೆ, ಅಂದರೆ ಅಮೋನಿಯಾ ಜೊತೆ ಸೇರದೆ ಉಳಿದದ್ದಕ್ಕೆ, ಅದೇ ನಳಿಗೆಗೆ 3ನೇ ಮಾತ್ರೆ ಹಾಕಿದರೆ ಸೇರಿದ್ದೂ ಕೂಡಿ ಒಟ್ಟು. ಕೊನೆ ನಲ್ಲಿಯಲ್ಲಿ ಮುಕ್ತ ಸೊನ್ನೆ ಇದ್ದು ಒಟ್ಟು 0.5 ಬಂದರೆ ಚರಂಡಿ ಅಥವಾ ತಿಪ್ಪೆ ನೀರು ಸೇರ್ತಿದೆಯಾ ಅಂತ ಅನುಮಾನಪಡಿ. ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣ ಬಂದ ಹಾಗೇ ಅಳಿಸಿಹೋಗಿ ಸೊನ್ನೆ ಅನ್ನಿಸೋದೂ ಉಂಟು, ನೀರು ಬೆರೆಸಿ ಮತ್ತೊಮ್ಮೆ ನೋಡಿ.

ಪೈಪು ತಿನ್ನುತ್ತಾ ನೀರು ತಿನ್ನುತ್ತಾ ತಿಳಿಯೋಕೆ ಬಾಟಲಿ ಪರೀಕ್ಷೆ ಸಾಕು. ಗಾಜಿನ ಬಾಟಲಿಗಳನ್ನ ಹಿಂದಿನ ದಿನ ಕ್ಲೋರಿನ್ ನೀರಲ್ಲಿ ನೆನೆಸಿ, ಟ್ಯಾಂಕ್ ಔಟ್‌ಲೆಟ್ ನೀರಿನಲ್ಲೇ ಚೆನ್ನಾಗಿ ತೊಳೆದು, ಅದೇ ನೀರನ್ನ ಗಾಳಿ ಗುಳ್ಳೆ ಇಲ್ಲದಂತೆ ಕಂಠಪೂರ್ತಿ ತುಂಬಿ, ಕತ್ತಲಲ್ಲಿಡಿ. 1, 2, 4, 8, 12 ಗಂಟೆಗೆ ಒಂದೊಂದು ಬಾಟಲಿ ತೆರೆದು ಅಳೆಯಿರಿ. 0.8 ಇದ್ದದ್ದು 12 ಗಂಟೆಗೆ 0.5 ಉಳಿದರೆ ನೀರಿನ ತಪ್ಪಿಲ್ಲ, ಪೈಪಿನ ಗೋಡೆಯದು. ಬೇಸಿಗೆಯಲ್ಲಿ ಇದೇ ಪರೀಕ್ಷೆ ಮತ್ತೆ ಮಾಡಿ, ನೀರು ಬಿಸಿಯಾದಷ್ಟೂ ಕ್ಲೋರಿನ್ ಬೇಗ ಖಾಲಿಯಾಗುತ್ತೆ.

ಪ್ರಶ್ನೆ ಕೇಳಿದವರು: ಕೊನೆ ಬೀದಿಯಲ್ಲಿ ನೀರು ಬಂದ ತಕ್ಷಣ ಅಳೀತೀವಿ. ಅದು ಸರಿನಾ?

ಉತ್ತರ: ಪೈಪ್‌ಲೈನ್ ಮೇಂಟೆನೆನ್ಸ್‌ನವರು

ಅದು ನಿನ್ನೆಯ ನೀರು. ಮೂರಿಂಚು ಪೈಪು ಮೀಟರಿಗೆ ಸುಮಾರು 5 ಲೀಟರ್ ಹಿಡಿಯುತ್ತೆ, 600 ಮೀಟರಿಗೆ 3,000 ಲೀಟರ್. ಸೆಕೆಂಡಿಗೆ 2 ಲೀಟರ್ ಹರಿದರೆ ಇದು ಖಾಲಿಯಾಗೋಕೇ 25 ನಿಮಿಷ. ದಿನವೆಲ್ಲ ತುಕ್ಕಿಗೆ ತಾಗಿ ನಿಂತ ನೀರಲ್ಲಿ ಕ್ಲೋರಿನ್ ಉಳಿಯೋ ಮಾತೇ ಇಲ್ಲ. ಬಂದ ಕೂಡಲೇ ಒಮ್ಮೆ, ಅರ್ಧ ಗಂಟೆ ಬಿಟ್ಟು ಒಮ್ಮೆ ಅಳೆಯಿರಿ. ಎರಡನೇ ಸಲ 0.2 ಬಂದರೆ ಪೈಪು ತೊಳೆಯೋ ಕೆಲಸ. ಆಗಲೂ ಸೊನ್ನೆಯಾದರೆ ಲೀಕ್ ಹುಡುಕಿ. ನೀರು ನಿಲ್ಲಿಸಿದಾಗ ಪೈಪು ಹೊರಗಿನ ಕೊಳಕು ನೀರನ್ನ ಒಳಗೆಳೆದುಕೊಳ್ಳುತ್ತೆ, ಚರಂಡಿ ದಾಟುವ ಜಾಗ, ನೀರು ನಿಂತ ವಾಲ್ವ್ ಗುಂಡಿ, ನೆಲಮಟ್ಟಕ್ಕಿಂತ ಕೆಳಗಿರುವ ಗುಂಡಿ ನಲ್ಲಿಗಳನ್ನ ಮೊದಲು ನೋಡಿ. ಅಲ್ಲೀವರೆಗೆ ಆ ಬೀದಿಯವರು ನೀರು ಕುದಿಸಿಯೇ ಕುಡೀಲಿ. ಮಲದ ಬ್ಯಾಕ್ಟೀರಿಯಾ ಸೇರಿದೆಯಾ ಅಂತ ನೋಡೋ ಎಚ್2ಎಸ್ ಬಾಟಲಿ ಪರೀಕ್ಷೆಯನ್ನೂ ಮಾಡಿ, ನೀರು ಕಪ್ಪಾದರೆ ಕಾಯಬೇಡಿ.

ತೊಳೆಯೋಕೆ ಕೊನೆಯ ಎಂಡ್ ಕ್ಯಾಪ್ ತೆಗೆದು ವಾಶ್‌ಔಟ್ ವಾಲ್ವ್ (ರಾಡಿ ಹೊರಬಿಡೋ ವಾಲ್ವ್) ಕೂರಿಸಿ. ಸೆಕೆಂಡಿಗೆ 4-5 ಲೀಟರ್ ಹರೀಬೇಕು, ಅಂದರೆ 20 ಲೀಟರ್ ಕ್ಯಾನ್ ನಾಲ್ಕೈದು ಸೆಕೆಂಡಿಗೆ ತುಂಬಬೇಕು. ಅದಕ್ಕಿಂತ ನಿಧಾನವಾದರೆ ತುಕ್ಕಿನ ರಾಡಿ ಕದಲಲ್ಲ. ಬೇರೆ ಬೀದಿಗಳ ವಾಲ್ವ್ ಮುಚ್ಚಿ ಎಲ್ಲ ಪ್ರೆಶರ್ ಇತ್ತ ತಿರುಗಿಸಿ. ಜಿಐ ಬದಲಿಸಿ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಹಾಕಿದರೆ ಈ ತಂಟೆ ಬಹುಪಾಲು ಮುಗೀತು, ಆದರೆ ಹೊಸ ಪೈಪಿಗೆ ಮೊದಲು ಲೀಟರಿಗೆ 25 ಮಿಲಿಗ್ರಾಂ ಕ್ಲೋರಿನ್ ನೀರು ತುಂಬಿ 24 ಗಂಟೆ ಬಿಡಿ. ಕೊನೆಗೆ 10 ಉಳಿದಿರಬೇಕು. ಆ ನೀರನ್ನ ಕೆರೆಗಾಗಲಿ ಹೊಲಕ್ಕಾಗಲಿ ಬಿಡಬೇಡಿ.

ಉತ್ತರ: ಶುದ್ಧೀಕರಣ ಘಟಕದವರು

ಒಂದು ಸೇರಿಸ್ತೀನಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕೊನೆ ನಲ್ಲಿಯಲ್ಲಿ ಕನಿಷ್ಠ 0.2 ಸಾಕು, ವೈರಸ್ ಕಾಯಿಲೆ ಭಯವಿದ್ದರೆ 0.5. ಮೊದಲ ಮನೆಯಲ್ಲಿ 1 ದಾಟದಂತೆ ಇದನ್ನ ಮುಟ್ಟೋಕಾಗದಿದ್ದರೆ ಕೊನೆ ಬೀದಿಗೆ ಅಂತ 5,000 ಲೀಟರಿನ ಮಿನಿ ಟ್ಯಾಂಕ್ ಇಟ್ಟು ಅಲ್ಲೇ ಇನ್ನೊಂದು ಡೋಸ್ ಕೊಡಿ. ಲೀಟರಿಗೆ 0.5 ಏರಿಸೋಕೆ 2.5 ಗ್ರಾಂ ಕ್ಲೋರಿನ್, 25% ಪೌಡರಾದರೆ 10 ಗ್ರಾಂ. ಕೈ ಅಂದಾಜಿಗೆ ಬಿಡಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಕೊಡಿಸಿ.