ಸ್ಯಾನ್ ಫ್ರಾನ್ಸಿಸ್ಕೋದಿಂದ ಸಿಯಾಟಲ್‌ಗೆ ಕರಾವಳಿ ದಾರಿಯಲ್ಲಿ ಕಾರು ಪ್ರಯಾಣ: ಅಪ್ಪ ಅಮ್ಮ, ಮಕ್ಕಳು ಜೊತೆಗಿದ್ದಾರೆ, ಯಾವುದನ್ನು ಬಿಡಲಿ?

ಕಾಡುಮಲ್ಲಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಈ ಬೇಸಿಗೆಯಲ್ಲಿ ನಮ್ಮ ಜೊತೆ ಇರುತ್ತಾರೆ. ಜುಲೈ ಕೊನೆಯಲ್ಲಿ ಎರಡು ವಾರಕ್ಕೆ ಸ್ವಲ್ಪ ಕಡಿಮೆ ರಜೆ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ವ್ಯಾನ್ ತಗೊಂಡು, ಸಿಯಾಟಲ್‌ನಲ್ಲಿ ಅದನ್ನು ಒಪ್ಪಿಸಿ, ವಿಮಾನದಲ್ಲಿ ವಾಪಸ್ ಬರೋದು ಅಂತ ಯೋಚನೆ. ಸದ್ಯಕ್ಕೆ ಪಟ್ಟಿಯಲ್ಲಿ ಇರೋದು ಯೊಸೆಮಿಟಿ, ರೆಡ್‌ವುಡ್ ಕಾಡು, ಕ್ರೇಟರ್ ಲೇಕ್, ಒರೆಗಾನ್ ಕರಾವಳಿ, ಆಮೇಲೆ ಒಲಿಂಪಿಕ್ ನ್ಯಾಷನಲ್ ಪಾರ್ಕ್. ಮ್ಯಾಪ್‌ನಲ್ಲಿ ನೋಡಿದರೆ ಎಲ್ಲ ಒಂದೇ ಗೆರೆಯ ಮೇಲೆ ಇದ್ದ ಹಾಗೆ ಕಾಣುತ್ತದೆ, ಆದರೆ ಲೆಕ್ಕ ಹಾಕಿದಾಗೆಲ್ಲ ದಿನ ಸಾಲುತ್ತಿಲ್ಲ.

ಅಪ್ಪನಿಗೆ ಮಂಡಿ ನೋವು. ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ನಡೆಯುತ್ತಾರೆ, ಇಳಿಜಾರು ಮಾತ್ರ ಆಗೋದಿಲ್ಲ. ಅಮ್ಮನಿಗೆ ತಿರುವು ರಸ್ತೆಯಲ್ಲಿ ಹೊಟ್ಟೆ ತೊಳಸುತ್ತದೆ. ಮಗಳು ಈಗಷ್ಟೇ ನಾಲ್ಕನೇ ಕ್ಲಾಸ್ ಮುಗಿಸಿದ್ದಾಳೆ, ಮಗನಿಗೆ ನಾಲ್ಕು ವರ್ಷ. ಅಪ್ಪ ಅಮ್ಮ ಇಷ್ಟು ದೂರ ಮತ್ತೆ ಯಾವಾಗ ಬರುತ್ತಾರೋ ಗೊತ್ತಿಲ್ಲ, ಹಾಗಾಗಿ ಅವರು ಕಾರಿನ ಕಿಟಕಿಯಿಂದ ಮಾತ್ರ ನೋಡಿ ವಾಪಸ್ ಹೋಗಬಾರದು ಅನ್ನೋದು ನನ್ನ ಆಸೆ. ಯಾವುದನ್ನು ಇಟ್ಕೊಳ್ಳಲಿ, ಯಾವುದನ್ನು ಬಿಡಲಿ?

ದಾರಿಹೋಕ

ಮೊದಲು ಯೊಸೆಮಿಟಿ ಬಿಡಿ. ಅದು ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕಿದೆ, ನಿಮ್ಮ ದಾರಿ ಉತ್ತರಕ್ಕೆ. ಹೋಗೋಕೆ ನಾಲ್ಕು ಗಂಟೆ, ಅಲ್ಲಿಂದ ರೆಡ್‌ವುಡ್ ತಲುಪೋಕೆ ಮತ್ತೊಂದು ಇಡೀ ದಿನ. ಅದಕ್ಕೆ ಬೇರೆಯಾಗಿ ಮೂರು ದಿನ ಇಟ್ಟು ಇನ್ನೊಮ್ಮೆ ಹೋಗಿ.

ಈ ದಾರಿಯಲ್ಲಿ ಮೈಲಿ ಲೆಕ್ಕ ನಂಬಬೇಡಿ. ಹೈವೇ 101 ಅಂದ ತಕ್ಷಣ ದೊಡ್ಡ ಫ್ರೀವೇ ಅಂದ್ಕೋತೀವಿ. ಒರೆಗಾನ್‌ನಲ್ಲಿ ಅದು ಬಹುತೇಕ ಎರಡೇ ಲೇನ್‌ನ ರಸ್ತೆ, ಪ್ರತಿ ಊರಿನ ಒಳಗಿಂದಲೇ ಹೋಗುತ್ತದೆ, ಊರು ಬಂದಾಗಲೆಲ್ಲ ವೇಗ ಇಳಿಸಬೇಕು, ಮುಂದೆ ಒಂದು ದೊಡ್ಡ ಆರ್‌ವಿ (ಒಳಗೇ ಮಲಗುವ, ಅಡುಗೆ ಮಾಡುವ ಗಾಡಿ) ಸಿಕ್ಕರೆ ಅದರ ಹಿಂದೆಯೇ ಸಾಗಬೇಕು. ಒರೆಗಾನ್ ಕರಾವಳಿ ಸುಮಾರು 360 ಮೈಲಿ. ಎಲ್ಲೂ ನಿಲ್ಲದೆ ಓಡಿಸಿದರೂ ಹತ್ತು ಗಂಟೆ ಹಿಡಿಯುತ್ತದೆ, ಮತ್ತೆ ಅದು ನಿಲ್ಲದೆ ಓಡಿಸುವ ದಾರಿಯೇ ಅಲ್ಲ. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಡ್ರೈವಿಂಗ್ ಇಡಬೇಡಿ. ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿಯಿರಿ. ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟಿ ವ್ಯಾನ್‌ಗೆ ತುಂಬೋದು ದೊಡ್ಡವರಿಗೆ ಡ್ರೈವ್‌ಗಿಂತ ಹೆಚ್ಚು ಸುಸ್ತು ತರುತ್ತದೆ.

ರೆಡ್‌ವುಡ್ ವಿಷಯಕ್ಕೆ ಬರುತ್ತೇನೆ, ಇದು ನನ್ನ ಅಚ್ಚುಮೆಚ್ಚಿನ ಜಾಗ. ಮೊದಲು ಅವೆನ್ಯೂ ಆಫ್ ದ ಜೈಂಟ್ಸ್ ಸಿಗುತ್ತದೆ, 101ರ ಪಕ್ಕದಲ್ಲೇ ಸಾಗುವ 31 ಮೈಲಿಯ ಹಳೇ ರಸ್ತೆ. ಅಪ್ಪನಿಗೆ ನಡೆಯೋದೇ ಬೇಡ, ಎಲ್ಲಿ ಬೇಕೋ ಅಲ್ಲಿ ಕಾರು ನಿಲ್ಲಿಸಿ ಮರದ ಬುಡಕ್ಕೆ ಹೋಗಬಹುದು. ಮುಂದೆ ನ್ಯಾಷನಲ್ ಪಾರ್ಕ್‌ನಲ್ಲಿ ಲೇಡಿ ಬರ್ಡ್ ಜಾನ್ಸನ್ ಗ್ರೋವ್ ಅನ್ನೋ ಮರಗಳ ತೋಪು, ಸುಮಾರು ಒಂದೂವರೆ ಮೈಲಿ ಸುತ್ತು, ಹೆಚ್ಚು ಏರಿಳಿತ ಇಲ್ಲ. ಅಪ್ಪ ಅರ್ಧಕ್ಕೆ ವಾಪಸ್ ಬಂದರೂ ನಷ್ಟವಿಲ್ಲ. ಸ್ಟೌಟ್ ಗ್ರೋವ್ ಇನ್ನೂ ಚಂದ, ಆದರೆ ಪಾರ್ಕಿಂಗ್‌ನಿಂದ ಕೆಳಗೆ ಚಿಕ್ಕದೊಂದು ಕಡಿದಾದ ಇಳಿಜಾರು ಇದೆ. ಅಲ್ಲಿಗೆ ಹೋಗುವ ಹೌಲ್ಯಾಂಡ್ ಹಿಲ್ ರಸ್ತೆ ಮಣ್ಣಿನದು, ಕೆಲವು ಕಡೆ ಒಂದೇ ಕಾರು ಹಿಡಿಸುವಷ್ಟು ಕಿರಿದು. ಬಾಡಿಗೆ ಕರಾರಿನಲ್ಲಿ ಮಣ್ಣುರಸ್ತೆಗೆ ಅನುಮತಿ ಇದೆಯಾ ಅಂತ ಮೊದಲೇ ಓದಿಕೊಳ್ಳಿ.

ಮಕ್ಕಳಿಗೆ ಒಂದು ವಿಷಯ ತೋರಿಸಿ. ಈ ಮರಗಳ ಬುಡದಲ್ಲಿ ಹೃದಯದ ಆಕಾರದ ಮೂರೆಲೆಯ ಹಸಿರು ಗಿಡ ಹಾಸಿಕೊಂಡಿರುತ್ತದೆ, ರೆಡ್‌ವುಡ್ ಸಾರೆಲ್ ಅಂತ. ನೆರಳಲ್ಲಿ ಎಲೆಗಳು ಅಗಲವಾಗಿ ಬಿಚ್ಚಿಕೊಂಡಿರುತ್ತವೆ. ಮೇಲಿಂದ ಬಿಸಿಲಿನ ಕೋಲು ನೇರ ಬಿತ್ತು ಅಂದರೆ ಕೆಲವೇ ನಿಮಿಷದಲ್ಲಿ ಕೊಡೆ ಮಡಚಿದ ಹಾಗೆ ಕೆಳಕ್ಕೆ ಮಡಚಿಕೊಳ್ಳುತ್ತವೆ. ನೂರು ಮೀಟರ್ ಎತ್ತರದ ಮರದ ಕೆಳಗೆ ಕೂತು ಅಂಗೈಯಷ್ಟಿಲ್ಲದ ಎಲೆ ನೋಡುತ್ತಾ ಇರೋದು ಎಷ್ಟು ಖುಷಿ ಕೊಡುತ್ತದೆ ಅಂದರೆ, ನಾಲ್ಕು ವರ್ಷದವನಿಗೂ ಬೇಸರ ಬರೋದಿಲ್ಲ.

ಎಲ್ಲಕ್ಕಿಂತ ಎತ್ತರದ ಮರ ಹೈಪೀರಿಯನ್ ಹುಡುಕುವ ಆಸೆ ಬೇಡ. ಜನ ತುಳಿದು ತುಳಿದು ಅದರ ಬುಡ ಹಾಳಾಯಿತು ಅಂತ 2022ರಲ್ಲಿ ಆ ಜಾಗ ಮುಚ್ಚಿದ್ದಾರೆ, ಹೋದರೆ 5,000 ಡಾಲರ್‌ವರೆಗೆ ದಂಡ, ಜೈಲೂ ಆಗಬಹುದು. ಕೆಳಗೆ ನಿಂತರೆ ತುದಿ ಕಾಣೋದೂ ಇಲ್ಲ. ಫರ್ನ್ ಕ್ಯಾನ್ಯನ್ ಅನ್ನೋ ಕಿರಿದಾದ ಕಣಿವೆಗೆ ಬೇಸಿಗೆಯಲ್ಲಿ ಮೊದಲೇ ಪರ್ಮಿಟ್ ಬೇಕು, ದಾರಿಯಲ್ಲಿ ತೊರೆ ದಾಟಬೇಕು, ಒಳಗೆ ಒದ್ದೆ ಕಲ್ಲು. ಮಂಡಿ ನೋವಿನವರಿಗೆ ಬೇಡ.

ನನ್ನ ಅಭಿಪ್ರಾಯ: ಯೊಸೆಮಿಟಿ ಜೊತೆ ಕ್ರೇಟರ್ ಲೇಕ್ ಕೂಡ ಬಿಟ್ಟು, ಪೂರ್ತಿ ಕರಾವಳಿಯಲ್ಲೇ ಮೇಲಕ್ಕೆ ಹೋಗಿ.

ನೀಲಿಕೆರೆ

ದಾರಿಹೋಕ ಅವರು ಹೇಳಿದ ಬಹುಪಾಲು ಸರಿ, ಆದರೆ ಕ್ರೇಟರ್ ಲೇಕ್ ಬಿಡೋದು ನನಗೆ ಒಪ್ಪಿಗೆ ಇಲ್ಲ. ಕಾರಣ ಅವರ ಅಪ್ಪನ ಮಂಡಿಯೇ. ಅಮೆರಿಕದ ಅತಿ ಆಳದ ಕೆರೆ ಅದು, 1,943 ಅಡಿ. ಸುಮಾರು 7,700 ವರ್ಷದ ಹಿಂದೆ ಮೌಂಟ್ ಮಜಾಮಾ ಅನ್ನೋ ಜ್ವಾಲಾಮುಖಿ ಸಿಡಿದು, ತನ್ನೊಳಗೇ ಕುಸಿದು ಆದ ಗುಂಡಿ. ಅದಕ್ಕೆ ಹೊಳೆ ಬಂದು ಸೇರೋದಿಲ್ಲ, ನೀರೆಲ್ಲ ಮಳೆ ಮತ್ತು ಹಿಮದ್ದು, ಆ ಕಡುನೀಲಿ ಬಣ್ಣ ಬರೋದು ಆ ಶುದ್ಧತೆಯಿಂದ, ಆಳದಿಂದ. ಇದನ್ನೆಲ್ಲ ನೋಡೋಕೆ ಕಾರಿಂದ ಇಳಿದು ಕೆಲವು ಹೆಜ್ಜೆ ಸಾಕು. ಸುತ್ತಲೂ 33 ಮೈಲಿ ರಿಮ್ ಡ್ರೈವ್ ಇದೆ. ಅಲ್ಲಿ ಹಿಮ ವಿಪರೀತ, ಆ ರಸ್ತೆ ಪೂರ್ತಿ ತೆರೆಯೋದು ಸಾಮಾನ್ಯವಾಗಿ ಜುಲೈನಲ್ಲಿ, ಹಾಗಾಗಿ ಇವರು ಹೋಗೋ ಸಮಯ ಸರಿಯಾಗಿದೆ.

ದಾರಿ ಹೀಗೆ: ಕ್ರೆಸೆಂಟ್ ಸಿಟಿಯಿಂದ ಹೈವೇ 199 ಹಿಡಿದು ಗ್ರಾಂಟ್ಸ್ ಪಾಸ್, ಅಲ್ಲಿಂದ ಕೆರೆ. ನೋಡಿ ಆದ ಮೇಲೆ ಉತ್ತರದ ಗೇಟಿಂದ 138ರಲ್ಲಿ ಅಂಪ್‌ಕ್ವಾ ನದಿ ಜೊತೆ ಇಳಿದು, ರೋಸ್‌ಬರ್ಗ್ ದಾಟಿ, 38ರಲ್ಲಿ ರೀಡ್ಸ್‌ಪೋರ್ಟ್‌ಗೆ ಬಂದು ಮತ್ತೆ ಸಮುದ್ರ ಸೇರಿಕೊಳ್ಳಿ. ರೀಡ್ಸ್‌ಪೋರ್ಟ್‌ಗೆ ಸ್ವಲ್ಪ ಮೊದಲು ಡೀನ್ ಕ್ರೀಕ್‌ನಲ್ಲಿ ರಸ್ತೆ ಪಕ್ಕದ ಹುಲ್ಲುಗಾವಲಲ್ಲೇ ಎಲ್ಕ್ ಅನ್ನೋ ದೊಡ್ಡ ಜಿಂಕೆಗಳ ಹಿಂಡು ಮೇಯುತ್ತಾ ಇರುತ್ತವೆ. ಇದರಲ್ಲಿ ಒರೆಗಾನ್‌ನ ದಕ್ಷಿಣ ಕರಾವಳಿ ತಪ್ಪುತ್ತದೆ, ಬ್ರುಕಿಂಗ್ಸ್ ಹತ್ತಿರದ ಸ್ಯಾಮ್ಯುಯೆಲ್ ಬೋರ್ಡ್‌ಮನ್ ಕಡೆಯ ಬಂಡೆಗಳು ನಿಜಕ್ಕೂ ಚೆನ್ನಾಗಿವೆ, ಅದು ನಷ್ಟವೇ. ಆದರೂ ನಾನಾದರೆ ಕೆರೆಯನ್ನೇ ಆರಿಸುತ್ತೇನೆ.

ಒಂದು ಷರತ್ತು. ಜುಲೈ ಕೊನೆಗೆ ಕಾಡ್ಗಿಚ್ಚಿನ ಹೊಗೆ ಶುರುವಾಗಬಹುದು. ಹೊಗೆ ತುಂಬಿದ ದಿನ ಆಚೆ ದಡವೇ ಕಾಣೋದಿಲ್ಲ, ವಯಸ್ಸಾದವರಿಗೆ ಉಸಿರಿಗೂ ಒಳ್ಳೆಯದಲ್ಲ. ರದ್ದು ಮಾಡಬಹುದಾದ ರೂಮನ್ನೇ ಬುಕ್ ಮಾಡಿ, ಎರಡು ದಿನ ಮೊದಲು ಗಾಳಿಯ ಗುಣಮಟ್ಟ ತೋರಿಸುವ ಏರ್‌ನೌ ಸೈಟ್ ನೋಡಿ. ಹೊಗೆ ಇದ್ದರೆ ದಾರಿಹೋಕ ಹೇಳಿದ ಕರಾವಳಿ ದಾರಿ ಹಿಡಿಯಿರಿ.

ಇನ್ನೊಂದು, ಮಗಳು ನಾಲ್ಕನೇ ಕ್ಲಾಸ್ ಅಂದಿರಲ್ವಾ? ಎವೆರಿ ಕಿಡ್ ಔಟ್‌ಡೋರ್ಸ್ ಅಂತ ನಾಲ್ಕನೇ ಕ್ಲಾಸ್ ಮಕ್ಕಳಿಗೆ ಉಚಿತ ಪಾಸ್ ಇದೆ. ಆ ಶಾಲಾ ವರ್ಷದ ಪಾಸ್ ಆಗಸ್ಟ್ 31ರವರೆಗೆ ನಡೆಯುತ್ತದೆ, ಅಂದರೆ ನಿಮ್ಮ ಪ್ರವಾಸಕ್ಕೆ ಇನ್ನೂ ಚಾಲ್ತಿ. ಕಾರಿಗೆ ಇಷ್ಟು ಅಂತ ಶುಲ್ಕ ಇರೋ ಪಾರ್ಕ್‌ನಲ್ಲಿ ಇಡೀ ಕಾರಿಗೆ ಅದೇ ಸಾಕು. ಕಾಗದದ ಮೇಲೆ ಪ್ರಿಂಟ್ ಮಾಡಿ ಒಯ್ದರೆ ಒಳ್ಳೆಯದು. ರೆಡ್‌ವುಡ್ ನ್ಯಾಷನಲ್ ಪಾರ್ಕ್‌ಗೆ ಪ್ರವೇಶ ಶುಲ್ಕವೇ ಇಲ್ಲ. ಸ್ಟೇಟ್ ಪಾರ್ಕ್‌ಗಳದ್ದು ಬೇರೆ ಲೆಕ್ಕ, ಅಲ್ಲಿ ಈ ಪಾಸ್ ನಡೆಯೋದಿಲ್ಲ. ಹಿರಿಯರ ಪಾಸ್ ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರೋರಿಗೆ ಮಾತ್ರ, ಸುಮ್ನೆ ಅದರ ಹಿಂದೆ ಹೋಗಬೇಡಿ.

ತಂಗಾಳಿ

ಅಮ್ಮನ ವಿಷಯ ಯಾರೂ ಹೇಳಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ದಾಟಿದ ಮೇಲೆ ಹೈವೇ 1 ಹಿಡಿಯಬೇಡಿ. ನೋಡೋಕೆ ಸುಂದರ, ಆದರೆ ಲೆಗೆಟ್‌ನಲ್ಲಿ 101 ಸೇರುವವರೆಗೂ ತಿರುವೋ ತಿರುವು. ಸಾಂಟಾ ರೋಸಾ, ಯುಕಾಯಾ ಮೂಲಕ 101ರಲ್ಲೇ ಹೋಗಿ. ನೀಲಿಕೆರೆ ಹೇಳಿದ 199 ಕೂಡ ಸ್ಮಿತ್ ನದಿ ಪಕ್ಕ ಚೆನ್ನಾಗಿ ತಿರುಗುತ್ತದೆ, ಅದನ್ನು ಬೆಳಿಗ್ಗೆ ನಿಧಾನವಾಗಿ ಮುಗಿಸಿ. ಅಮ್ಮನನ್ನು ಮುಂದಿನ ಸೀಟಲ್ಲಿ ಕೂರಿಸಿ, ಫೋನ್ ನೋಡೋಕೆ ಬಿಡಬೇಡಿ, ದೂರದ ರಸ್ತೆ ನೋಡಲಿ. ಓಡಿಸುವವರು ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನೊಳಗೆ ಬ್ರೇಕ್ ಹಾಕಿದರೇ ಹೊಟ್ಟೆ ತೊಳಸೋದು. ಹಿಂದೆ ಬರೋರಿಗೆ ಹೆದರಿ ಓಡಿಸಬೇಡಿ. ಕ್ಯಾಲಿಫೋರ್ನಿಯಾದ ಎರಡು ಲೇನ್ ರಸ್ತೆಯಲ್ಲಿ ನಿಧಾನದ ಗಾಡಿಯ ಹಿಂದೆ ಐದು ಅಥವಾ ಹೆಚ್ಚು ಗಾಡಿ ಸೇರಿದರೆ ಟರ್ನ್‌ಔಟ್‌ನಲ್ಲಿ (ರಸ್ತೆ ಬದಿಯ ಅಗಲ ಜಾಗ) ಪಕ್ಕಕ್ಕೆ ಸರಿದು ದಾರಿ ಕೊಡೋದು ಕಾನೂನೇ. ಮಾತ್ರೆ ಕೊಡೋದಾದರೆ ಅವರ ಡಾಕ್ಟರನ್ನು ಕೇಳಿ. ಕೆಲವು ಮಾತ್ರೆಗಳಿಂದ ವಯಸ್ಸಾದವರಿಗೆ ಮಂಪರು ಬಂದು, ಇಳಿದು ನಡೆಯುವಾಗ ಬೀಳುವ ಅಪಾಯ ಇದೆ.

ಅಲೆಯಂಚು

ಕರಾವಳಿ ಬಗ್ಗೆ ನಾನು ಹೇಳುತ್ತೇನೆ. ಒರೆಗಾನ್‌ನ ಬೀಚ್‌ಗಳೆಲ್ಲ ಸಾರ್ವಜನಿಕ, 1967ರ ಬೀಚ್ ಬಿಲ್‌ನಿಂದ. ಹೋಟೆಲ್ ಮುಂದಿನ ಮರಳಾದರೂ ಯಾರೂ ತಡೆಯೋ ಹಾಗಿಲ್ಲ.

ಇಲ್ಲಿ ಗಡಿಯಾರ ನೋಡಿ ಪ್ಲಾನ್ ಮಾಡಬೇಡಿ, ಸಮುದ್ರದ ನೀರು ಹಿಂದೆ ಸರಿಯುವ ಇಳಿತದ ಸಮಯ ನೋಡಿ ಮಾಡಿ. ಸರ್ಕಾರದ ಹವಾಮಾನ, ಸಮುದ್ರ ಸಂಸ್ಥೆ ನೋವಾ (NOAA) ಸೈಟ್‌ನಲ್ಲಿ ಪ್ರತಿ ಊರಿನ ಪಟ್ಟಿ ಸಿಗುತ್ತದೆ. ಕ್ಯಾನನ್ ಬೀಚ್‌ನ ಹೇಸ್ಟ್ಯಾಕ್ ರಾಕ್ 235 ಅಡಿ ಎತ್ತರದ ಬಂಡೆ, ಇಳಿತಕ್ಕೆ ಒಂದು ಗಂಟೆ ಮೊದಲು ಹೋದರೆ ಅದರ ಬುಡದವರೆಗೆ ನಡೆಯಬಹುದು. ಬಂಡೆಗೆ ಅಂಟಿಕೊಂಡಿರೋ ನೇರಳೆ, ಕಿತ್ತಳೆ ಬಣ್ಣದ ನಕ್ಷತ್ರ ಮೀನುಗಳು, ಚಿಕ್ಕ ಹೊಂಡಗಳಲ್ಲಿ ಅರಳಿ ನಿಂತ ಹಸಿರು ಅನೆಮೊನಿಗಳು (ಹೂವಿನ ಹಾಗೆ ಕಾಣೋ ಸಮುದ್ರ ಜೀವಿ). ನೀರು ಇಳಿದು ಒಣಗಿದ ಕಡೆ ಇರೋ ಅನೆಮೊನಿ ಮುದುಡಿಕೊಂಡು, ಮೈಗೆಲ್ಲ ಮರಳು, ಚಿಪ್ಪಿನ ಚೂರು ಅಂಟಿಸಿಕೊಂಡು ಸುಮ್ನೆ ಕಲ್ಲಿನ ಹಾಗೆ ಕಾಣುತ್ತದೆ. ಅದರ ಮೇಲೆ ಕಾಲಿಡದ ಹಾಗೆ ಮಕ್ಕಳಿಗೆ ಮೊದಲೇ ಹೇಳಿ, ಬರೀ ಮರಳಿನ ಮೇಲೆ ಹೆಜ್ಜೆ ಇಡಬೇಕು.

ಸುರಕ್ಷತೆ ಬಗ್ಗೆ ಜೋರಾಗಿಯೇ ಹೇಳುತ್ತೇನೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಳ್ಳಬೇಡಿ. ಇಲ್ಲಿ ಸ್ನೀಕರ್ ವೇವ್ ಅಂತ ಬರುತ್ತವೆ, ಹತ್ತಾರು ನಿಮಿಷ ಶಾಂತವಾಗಿದ್ದ ದಡದ ಮೇಲೆ ಇದ್ದಕ್ಕಿದ್ದ ಹಾಗೆ ಒಂದು ಅಲೆ ತುಂಬಾ ಮೇಲೆ ನುಗ್ಗಿ ಬರುತ್ತದೆ. ದಡದಲ್ಲಿ ಬಿದ್ದಿರೋ ದೊಡ್ಡ ದಿಮ್ಮಿಗಳ ಮೇಲೆ ಮಗನನ್ನು ಹತ್ತಿಸಬೇಡಿ, ಕೆಲವೇ ಇಂಚು ನೀರು ಬಂದರೂ ಅವು ಉರುಳುತ್ತವೆ. ಜುಲೈ ಆದರೂ ನೀರು ಕೊರೆಯುತ್ತದೆ, ಗಾಳಿಯೂ ತಣ್ಣಗೆ. ಎಲ್ಲರಿಗೂ ಜಾಕೆಟ್ ಬೇಕೇ ಬೇಕು.

ಅಪ್ಪನಿಗೆ ಮೂರು ಜಾಗ. ಡಿಪೋ ಬೇ ಊರಲ್ಲಿ ರಸ್ತೆ ಬದಿಯ ಕಟ್ಟೆಯಿಂದಲೇ ಬೇಸಿಗೆಯಲ್ಲಿ ಗ್ರೇ ವೇಲ್ ಕಾಣುತ್ತವೆ, ತಿಮಿಂಗಿಲ ನೋಡೋಕೆಂದೇ ಅಲ್ಲೊಂದು ಕೇಂದ್ರವೂ ಇದೆ. ಕೇಪ್ ಪರ್ಪೆಚುವಾ ತುದಿಯವರೆಗೆ ಕಾರು ಹೋಗುತ್ತದೆ. ಯಾಕ್ವಿನಾ ಹೆಡ್‌ನಲ್ಲಿ 93 ಅಡಿಯ ದೀಪಸ್ತಂಭ, ಎದುರಿನ ಬಂಡೆ ತುಂಬ ಮರ್ ಹಕ್ಕಿಗಳು. ದುರ್ಬೀನು ಮರೀಬೇಡಿ.

ಕಾಡುಮಲ್ಲಿಗೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಯೊಸೆಮಿಟಿ ತೆಗೆದೆ. ಕ್ರೇಟರ್ ಲೇಕ್ ಇಟ್ಕೊಂಡಿದ್ದೇನೆ, ಹೊಗೆ ಬಂದರೆ ಕರಾವಳಿ. ಪಾಸ್ ವಿಷಯ ಗೊತ್ತೇ ಇರಲಿಲ್ಲ, ಮಗಳು ಆಗಲೇ ಪ್ರಿಂಟ್ ತೆಗೆದು ತನ್ನ ಬ್ಯಾಗ್‌ಗೆ ಹಾಕಿಕೊಂಡಿದ್ದಾಳೆ. ಒಲಿಂಪಿಕ್‌ಗೆ ಕೊನೆಯಲ್ಲಿ ಮೂರು ರಾತ್ರಿ ಉಳಿಯುತ್ತದೆ. ಅದನ್ನು ಹೇಗೆ ಹಂಚಲಿ?

ದಾರಿಹೋಕ

ಒಲಿಂಪಿಕ್ ಪಾರ್ಕ್‌ನ ನಡುವೆ ಹಾದುಹೋಗುವ ರಸ್ತೆ ಇಲ್ಲ. 101 ಅದರ ಸುತ್ತ ಹೋಗುತ್ತದೆ, ಅಲ್ಲಿಂದ ಒಂದೊಂದು ಕವಲು ಒಳಗೆ. ಹಾಗಾಗಿ ಒಂದೇ ಕಡೆ ಉಳಿದರೆ ದಿನವೆಲ್ಲ ಓಡಾಟದಲ್ಲೇ ಮುಗಿಯುತ್ತದೆ. ಮೊದಲ ಎರಡು ರಾತ್ರಿ ಪಶ್ಚಿಮದಲ್ಲಿ, ಕಲೇಲಾಕ್ ಅಥವಾ ಫೋರ್ಕ್ಸ್. ಕೊನೆಯ ರಾತ್ರಿ ಪೋರ್ಟ್ ಏಂಜಲಿಸ್.

ಹೋ (Hoh) ಅನ್ನೋ ಮಳೆಕಾಡಿಗೆ ಬೆಳಿಗ್ಗೆ ಎಂಟರೊಳಗೆ ಗೇಟ್ ತಲುಪಿ. ಬೇಸಿಗೆಯಲ್ಲಿ ಪಾರ್ಕಿಂಗ್ ತುಂಬಿದರೆ ಒಂದು ಕಾರು ಹೊರಗೆ ಬಂದ ಮೇಲೆ ಒಂದನ್ನು ಬಿಡುತ್ತಾರೆ, ಗಂಟೆಗಟ್ಟಲೆ ಕಾಯಬೇಕಾಗಬಹುದು. ಹಾಲ್ ಆಫ್ ಮಾಸಸ್ ಸುತ್ತು 0.8 ಮೈಲಿ, ಶುರುವಿನಲ್ಲಿ ಸ್ವಲ್ಪ ಏರು ಇದೆ. ಅಪ್ಪನಿಗೆ ಕಷ್ಟ ಅನಿಸಿದರೆ ವಿಸಿಟರ್ ಸೆಂಟರ್ ಪಕ್ಕದಲ್ಲೇ ಪುಟ್ಟ ಸಮತಟ್ಟು ದಾರಿ ಇದೆ. ಒಂದೇ ಸಾಲಲ್ಲಿ ನಿಂತ ದೊಡ್ಡ ಮರಗಳನ್ನು ಹುಡುಕಿ. ಹಿಂದೆ ಯಾವಾಗಲೋ ಬಿದ್ದ ಒಂದು ದಿಮ್ಮಿಯ ಮೇಲೆ ಬೀಜ ಬಿದ್ದು ಹುಟ್ಟಿದವು ಅವು. ದಿಮ್ಮಿ ಕೊಳೆತು ಹೋಗಿ ಬೇರುಗಳ ಕೆಳಗೆ ಖಾಲಿ ಜಾಗ ಉಳಿದಿರುತ್ತದೆ. ಹೋನಲ್ಲಿ ಕ್ಯೂ ಬೆಳೆದಿದ್ದರೆ ಬೇಸರ ಮಾಡ್ಕೋಬೇಡಿ, ಕ್ವಿನಾಲ್ಟ್ ಕೂಡ ಅಂಥದ್ದೇ ಮಳೆಕಾಡು, ಜನ ಕಡಿಮೆ.

ಕೊನೇ ದಿನ ಹರಿಕೇನ್ ರಿಜ್ ಬೆಟ್ಟ. ಪೋರ್ಟ್ ಏಂಜಲಿಸ್‌ನಿಂದ 17 ಮೈಲಿ, ಸಮುದ್ರದ ಮಟ್ಟದಿಂದ ಸುಮಾರು 5,200 ಅಡಿಗೆ ಏರುತ್ತೀರಿ, ಅಮ್ಮ ಮುಂದಿನ ಸೀಟಲ್ಲೇ ಇರಲಿ. ಮೇಲಿದ್ದ ಕಟ್ಟಡ 2023ರ ಮೇ ತಿಂಗಳಲ್ಲಿ ಸುಟ್ಟುಹೋಯಿತು, ಹಾಗಾಗಿ ನೀರು, ತಿಂಡಿ ಕೆಳಗಿಂದಲೇ ಒಯ್ಯಿರಿ. ಪಶ್ಚಿಮ ಭಾಗದಲ್ಲಿ ಫೋನ್ ಸಿಗ್ನಲ್ ಬಹಳ ಕಡೆ ಇಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಆಬರ್ಡೀನ್‌ನಲ್ಲಿ ಪೆಟ್ರೋಲ್ ತುಂಬಿಸಿ. ಸಿಯಾಟಲ್‌ಗೆ ಬೇನ್‌ಬ್ರಿಜ್ ದ್ವೀಪದಿಂದ ಫೆರ್ರಿಯಲ್ಲಿ ವ್ಯಾನ್ ಸಮೇತ ಹೋಗಿ, 35 ನಿಮಿಷ. ಭಾನುವಾರ ಸಂಜೆ ಮಾತ್ರ ಬೇಡ, ವಾರಾಂತ್ಯ ಮುಗಿಸಿ ವಾಪಸ್ ಹೋಗೋರ ಸಾಲು ಉದ್ದ ಇರುತ್ತದೆ.