ಸುಡಾನ್‌ನಲ್ಲಿ ಒಂದು ಕದನವಿರಾಮವೂ ಯಾಕೆ ಬಾಳುತ್ತಿಲ್ಲ?

ಹುಣಸೂರು_ಹೈದ:
2023ರ ಏಪ್ರಿಲ್‌ನಲ್ಲಿ ನಮ್ಮ ಪಕ್ಷಿರಾಜಪುರ ಕಡೆಯ ಹಕ್ಕಿಪಿಕ್ಕಿ ಜನ ಸುಡಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರಲ್ಲ, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೋದವರು. ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನ್‌ನಿಂದ ಸೌದಿಯ ಜೆಡ್ಡಾಗೆ ಕರೆದುಕೊಂಡು ಹೋಗಿ ಅಲ್ಲಿಂದ ಊರಿಗೆ ಕಳಿಸಿದರು. ಅವರು ಬಂದಿದ್ದೇ ತಡ, ನಮ್ಮ ಟಿವಿಯವರು ಸುಡಾನ್ ಅನ್ನೋ ಹೆಸರನ್ನೇ ಬಿಟ್ಟರು. ಆಗಲೇ ಅಮೆರಿಕ 72 ಗಂಟೆಗಳ ಕದನವಿರಾಮ ಅಂತ ಹೇಳಿತ್ತು. ಆಮೇಲೆ ಜೆಡ್ಡಾದಲ್ಲಿ ಮಾತುಕತೆ, ಜಿನೀವಾದಲ್ಲಿ ಮಾತುಕತೆ. ಒಂದೂ ಯಾಕೆ ನೆಟ್ಟಗೆ ನಡೆಯಲಿಲ್ಲ? 2019ರಲ್ಲಿ ಅಧ್ಯಕ್ಷ ಬಷೀರ್ ಇಳಿದಾಗ ಇನ್ನೇನು ಪ್ರಜಾಪ್ರಭುತ್ವ ಬಂದೇ ಬಿಟ್ಟಿತು ಅಂದಿದ್ದರು. ಅದು ಎಲ್ಲಿ ಕೆಟ್ಟಿತು? ಗೂಗಲ್ ಮಾಡಿ ಅಂತ ಮಾತ್ರ ಹೇಳಬೇಡಿ, ಮಾಡಿ ಸುಸ್ತಾಗಿದ್ದೇನೆ.

ಕರಾವಳಿ_ಓದುಗ:
ಬೇರು ಒಂದೇ. ಒಂದು ದೇಶ, ಎರಡು ಸೇನೆ.

ಬಷೀರ್ 1989ರಲ್ಲಿ ದಂಗೆಯಿಂದ ಬಂದವನು. ತನ್ನ ಸೇನೆಯೇ ತನ್ನನ್ನೂ ಹಾಗೇ ಇಳಿಸೀತು ಅನ್ನೋ ಭಯ ಅವನಿಗೆ. ಅದಕ್ಕೆ ಪಶ್ಚಿಮದ ದಾರ್ಫುರ್‌ನಲ್ಲಿ ಊರು ಸುಟ್ಟು ಕುಖ್ಯಾತರಾಗಿದ್ದ ಜಂಜಾವೀದ್ ಗುಂಪುಗಳನ್ನೇ ಸೇರಿಸಿ 2013ರಲ್ಲಿ ಆರ್‌ಎಸ್‌ಎಫ್ (ರ್ಯಾಪಿಡ್ ಸಪೋರ್ಟ್ ಫೋರ್ಸಸ್) ಅಂತ ಪಡೆ ಕಟ್ಟಿಸಿದ. ಅದರ ನಾಯಕ ಹೆಮೆದ್ತಿ, ಮೊದಲು ಒಂಟೆ ವ್ಯಾಪಾರ ಮಾಡುತ್ತಿದ್ದವನು. ಚಿನ್ನದ ಗಣಿ ಅವನ ಕೈಗೆ ಬಂತು, ಯೆಮೆನ್ ಯುದ್ಧಕ್ಕೆ ಆಳು ಕಳಿಸಿ ಇನ್ನೂ ದುಡ್ಡು ಬಂತು. ಸಂಬಳ ಕೊಡಲು ಸರ್ಕಾರದ ಮುಖ ನೋಡಬೇಕಾಗಿಲ್ಲದ ಪಡೆ ಅದು. ಯಾರ ಮಾತನ್ನು ಯಾಕೆ ಕೇಳೀತು?

2018ರ ಡಿಸೆಂಬರ್‌ನಲ್ಲಿ ಅತ್ಬಾರಾ ಪಟ್ಟಣದಲ್ಲಿ ಬ್ರೆಡ್ ಬೆಲೆ ಏರಿದ್ದಕ್ಕೆ ಶುರುವಾದ ಪ್ರತಿಭಟನೆ ಏಪ್ರಿಲ್‌ ಹೊತ್ತಿಗೆ ಬಷೀರ್‌ನನ್ನು ಇಳಿಸಿತು. ಇಳಿಸಿದ್ದು ಜನ, ಕುರ್ಚಿಯಲ್ಲಿ ಕೂತಿದ್ದು ಸೇನೆಯ ಮುಖ್ಯಸ್ಥ ಬುರ್ಹಾನ್ ಮತ್ತು ಈ ಹೆಮೆದ್ತಿ. ಜೂನ್ 3ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಧರಣಿ ಕೂತಿದ್ದವರ ಮೇಲೆ ಗುಂಡು ಹಾರಿಸಿ ನೂರಕ್ಕೂ ಜಾಸ್ತಿ ಜನರನ್ನು ಕೊಂದರು. ಇದಾದ ಮೇಲೂ ಆಫ್ರಿಕಾ ಒಕ್ಕೂಟ, ಇಥಿಯೋಪಿಯಾ ಮಧ್ಯೆ ಬಂದು ಆಗಸ್ಟ್‌ನಲ್ಲಿ ಒಪ್ಪಂದ ಮಾಡಿಸಿದವು. 39 ತಿಂಗಳ ಮಧ್ಯಂತರ ಆಡಳಿತ, ಮೊದಲ 21 ತಿಂಗಳು ಸೇನೆಯ ಅಧ್ಯಕ್ಷತೆ, ಉಳಿದ 18 ತಿಂಗಳು ನಾಗರಿಕರದ್ದು. ಅರ್ಥಶಾಸ್ತ್ರಜ್ಞ ಹಮ್ದೋಕ್ ಪ್ರಧಾನಿಯಾದರು. ಸರದಿ ಬಿಟ್ಟುಕೊಡುವ ಕಾಲ ಹತ್ತಿರವಾಗುತ್ತಿದ್ದಂತೆ, 2021ರ ಅಕ್ಟೋಬರ್ 25ಕ್ಕೆ, ಇಬ್ಬರೂ ಜನರಲ್‌ಗಳು ಸೇರಿಯೇ ದಂಗೆ ಎದ್ದು ಹಮ್ದೋಕ್‌ರನ್ನು ಇಳಿಸಿದರು.

2022ರ ಡಿಸೆಂಬರ್‌ನಲ್ಲಿ ಇನ್ನೊಂದು ಒಪ್ಪಂದ. ಅಲ್ಲಿ ಸಿಕ್ಕಿಬಿದ್ದ ವಿಷಯ ಆರ್‌ಎಸ್‌ಎಫ್ ಸೇನೆಯೊಳಗೆ ಎಷ್ಟು ವರ್ಷದಲ್ಲಿ ಸೇರಬೇಕು ಅನ್ನೋದು. ಸೇನೆ ಎರಡು ವರ್ಷ ಅಂದಿತು, ಹೆಮೆದ್ತಿ ಹತ್ತು ವರ್ಷ ಅಂದ. 2023ರ ಏಪ್ರಿಲ್ 15ರಂದು ಯುದ್ಧ ಶುರುವಾಗಿದ್ದೇ ಈ ಜಗಳದ ಮೇಲೆ. ನಿಮ್ಮ ಊರಿನವರು ಸಿಕ್ಕಿಕೊಂಡಿದ್ದೂ ಇದರ ನಡುವೆಯೇ.

ಸುಮ್ನೆ_ಕೂತವ:
ಇಷ್ಟುದ್ದ ಬರೆದು ಹೊರಗಿನವರ ವಿಷಯ ಬಿಟ್ಟಿರಲ್ಲ ಸಾರ್. ಯುಎಇ ಆರ್‌ಎಸ್‌ಎಫ್‌ಗೆ ಆಯುಧ ಕೊಡುತ್ತಿದೆ ಅನ್ನೋದು ಎಷ್ಟೋ ದಿನದ ಆರೋಪ, ಅವರು ಇಲ್ಲ ಅಂತಲೇ ಹೇಳುತ್ತಿದ್ದಾರೆ. ಸುಡಾನ್ 2025ರಲ್ಲಿ ಇದನ್ನೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೂ ಒಯ್ದಿತು, ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಕೋರ್ಟು ಕೈಬಿಟ್ಟಿತು. ಈಜಿಪ್ಟ್ ಇರೋದು ಸೇನೆಯ ಕಡೆ. ಈಗ ಶಾಂತಿ ಮಾಡಿಸಲು ಕೂತಿರುವ ನಾಲ್ವರು ಯಾರು ಹೇಳಿ? ಅಮೆರಿಕ, ಸೌದಿ, ಈಜಿಪ್ಟ್, ಯುಎಇ! ಎರಡೂ ಕಡೆಯ ನೆಂಟರೇ ಪಂಚಾಯಿತಿ ಕಟ್ಟೆ ಮೇಲೆ ಕೂತರೆ ತೀರ್ಮಾನ ಹೇಗಿರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ?

ಶರಾವತಿ77:
ನೆಂಟರಿಲ್ಲದೆ ಆಗುವುದೂ ಇಲ್ಲ ಅಲ್ವಾ? ಆಯುಧ ಬರುವ ದಾರಿ ಮುಚ್ಚಬಲ್ಲವರು ಅವರೇ. ಜಿನೀವಾದಲ್ಲಿ 2024ರ ಆಗಸ್ಟ್‌ನಲ್ಲಿ ಅಮೆರಿಕ ಸಭೆ ಕರೆದಾಗ ಸುಡಾನ್ ಸೇನೆ ಬರಲೇ ಇಲ್ಲ. ಆದರೂ ಚಾಡ್ ಗಡಿಯ ಆದ್ರೆ (Adré) ಪಟ್ಟಣದ ದಾರಿ ತೆರೆದು ಧಾನ್ಯದ ಲಾರಿಗಳು ದಾರ್ಫುರ್‌ಗೆ ಹೋದವು. ಪೂರ್ತಿ ಸೋಲು ಅನ್ನೋಕಾಗುವುದಿಲ್ಲ.

ನನ್ನ ಪ್ರಕಾರ ಕಾದು ನೋಡಬೇಕಾದ್ದು ಉಸ್ತುವಾರಿ. ಜೆಡ್ಡಾದಲ್ಲಿ 2023ರ ಮೇ 20ಕ್ಕೆ ಸಹಿ ಆಯಿತು, 22ರ ರಾತ್ರಿಯಿಂದ ಏಳು ದಿನ ಗುಂಡು ಹಾರಿಸುವಂತಿಲ್ಲ ಅಂತ. ಉಸ್ತುವಾರಿ ಸಮಿತಿ ಕೂತಿದ್ದು ಕೆಂಪು ಸಮುದ್ರದ ಆಚೆ ದಂಡೆಯಲ್ಲಿ. ಖಾರ್ಟೂಮ್‌ನ ಬೀದಿಯಲ್ಲಿ ನಿಂತು ಯಾರು ಮೊದಲು ಹೊಡೆದರು ಅಂತ ಬರೆದುಕೊಳ್ಳುವವರು ಒಬ್ಬರೂ ಇರಲಿಲ್ಲ. ಆರ್‌ಎಸ್‌ಎಫ್‌ನವರು ಜನರ ಮನೆ, ಆಸ್ಪತ್ರೆ ಹೊಕ್ಕು ಕೂತಿದ್ದರು, ಬಿಡಲಿಲ್ಲ. ಸೇನೆ ವಿಮಾನದಿಂದ ಬಾಂಬ್ ಹಾಕೋದು ನಿಲ್ಲಿಸಲಿಲ್ಲ. ಐದು ದಿನ ಮುಂದಕ್ಕೆ ಹಾಕಿದರು, ಅದು ಮುಗಿಯುವ ಮೊದಲೇ ಸೇನೆ ಎದ್ದು ಹೋಯಿತು. ಅಮೆರಿಕ ಎರಡೂ ಕಡೆಯ ಕಂಪನಿಗಳ ಮೇಲೆ ನಿರ್ಬಂಧ ಹಾಕಿ ಕೈತೊಳೆದುಕೊಂಡಿತು.

ಹುಣಸೂರು_ಹೈದ:
ಎರಡು ಸೇನೆ ಅಂದಿರಿ. ನೇಪಾಳದಲ್ಲೂ ಹಾಗೇ ಇತ್ತಲ್ಲ, ರಾಜನ ಸೇನೆ ಒಂದು ಕಡೆ, ಮಾವೋವಾದಿಗಳು ಇನ್ನೊಂದು ಕಡೆ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗುವುದಿಲ್ಲ?

ಕರಾವಳಿ_ಓದುಗ:
ಒಳ್ಳೆ ಪ್ರಶ್ನೆ. 2006ರ ನವೆಂಬರ್‌ನಲ್ಲಿ ಶಾಂತಿ ಒಪ್ಪಂದವಾದ ಮೇಲೆ ಮಾವೋವಾದಿ ಹೋರಾಟಗಾರರು ಶಿಬಿರಗಳಿಗೆ ಬಂದರು, ಬಂದೂಕುಗಳನ್ನು ಕಂಟೇನರ್‌ನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೀಲಿ ಮಾವೋವಾದಿಗಳ ಹತ್ತಿರವೇ! ಆದರೆ ವಿಶ್ವಸಂಸ್ಥೆಯವರು ಹಗಲೂ ರಾತ್ರಿ ಕಾಯುತ್ತಿದ್ದರು. ನೇಪಾಳ ಸೇನೆಯೂ ಅಷ್ಟೇ ಆಯುಧ ಒಳಗಿಡಬೇಕಾಯಿತು. ಮರ್ಯಾದೆ ಹೋಗಲಿಲ್ಲ, ಮೋಸ ಮಾಡಲೂ ಜಾಗ ಇರಲಿಲ್ಲ. ಪರಿಶೀಲನೆಯಲ್ಲಿ ಲೆಕ್ಕಕ್ಕೆ ಸಿಕ್ಕವರು 19,602 ಮಂದಿ. ಕೊನೆಗೆ ಸೇನೆಗೆ ಸೇರಿದ್ದು ಸುಮಾರು 1,400 ಜನ, ಬಹಳಷ್ಟು ಜನ ದುಡ್ಡು ತೆಗೆದುಕೊಂಡು ಮನೆಗೆ ಹೋದರು. ಇಷ್ಟಕ್ಕೆ ಆರು ವರ್ಷ ಹಿಡಿಯಿತು.

ವ್ಯತ್ಯಾಸ ಏನಂದರೆ ಮಾವೋವಾದಿಗಳಿಗೆ ಚುನಾವಣೆ ಗೆಲ್ಲುವ ಆಸೆ ಇತ್ತು, 2008ರಲ್ಲಿ ಅತಿ ದೊಡ್ಡ ಪಕ್ಷವಾಗಿ ಬಂದರು ಕೂಡ. ಬಂದೂಕು ಬಿಟ್ಟರೆ ಸಿಗುವುದೇನೋ ಕಾಣುತ್ತಿತ್ತು. ಹೆಮೆದ್ತಿಗೆ ಪಡೆ ಬಿಟ್ಟರೆ ಏನುಳಿಯುತ್ತದೆ? ಬುರ್ಹಾನ್‌ಗೂ ಅದೇ ಕಥೆ. ಅಧಿಕಾರ ಬಿಟ್ಟರೆ ಸೇನೆಯ ಕಂಪನಿಗಳೆಲ್ಲ ನಾಗರಿಕ ಸರ್ಕಾರದ ಲೆಕ್ಕಕ್ಕೆ ಹೋಗುತ್ತವೆ.

ಮಂಜುಳಾ_ಬಿ:
ಎಲ್ಲರೂ ಜನರಲ್‌ಗಳ ಬಗ್ಗೆಯೇ ಬರೆಯುತ್ತಿದ್ದೀರಿ, ಮಾತುಕತೆಯಲ್ಲಿ ಆಗೋದೂ ಇದೇ. ಬಷೀರ್‌ನನ್ನು ಇಳಿಸಿದ ಬೀದಿ ಸಮಿತಿಯ ಹುಡುಗ ಹುಡುಗಿಯರೇ ಯುದ್ಧ ಶುರುವಾದ ಮೇಲೆ ಎಮರ್ಜೆನ್ಸಿ ರೂಮ್ ಅಂತ ಮಾಡಿಕೊಂಡು ಬಡಾವಣೆಗಳಲ್ಲಿ ಅಡುಗೆಮನೆ ನಡೆಸಿದರು. ವಿಶ್ವಸಂಸ್ಥೆ ತಲುಪದ ಕಡೆ ಊಟ ಹಾಕಿದ್ದು ಇವರು. ಎರಡೂ ಕಡೆಯವರು ಇವರನ್ನು ಹಿಡಿದು ಜೈಲಿಗೆ ಹಾಕಿದ್ದಾರೆ. 2025ರ ಶುರುವಿನಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ ನೂರಾರು ಅಡುಗೆಮನೆಗಳು ಮುಚ್ಚಿದವು.

2025ರ ಸೆಪ್ಟೆಂಬರ್‌ನಲ್ಲಿ ಆ ನಾಲ್ಕು ದೇಶಗಳು ಮಂಡಿಸಿದ ಯೋಜನೆ ನೋಡಿ. ಮೂರು ತಿಂಗಳು ಮಾನವೀಯ ಕದನವಿರಾಮ, ಆಮೇಲೆ ಶಾಶ್ವತ ಕದನವಿರಾಮ, ಒಂಬತ್ತು ತಿಂಗಳಲ್ಲಿ ನಾಗರಿಕ ಸರ್ಕಾರ. ಅಕ್ಟೋಬರ್ 26ಕ್ಕೆ ಆರ್‌ಎಸ್‌ಎಫ್ 500 ದಿನಕ್ಕೂ ಜಾಸ್ತಿ ಮುತ್ತಿಗೆ ಹಾಕಿದ್ದ ದಾರ್ಫುರ್‌ನ ಎಲ್ ಫಾಶರ್ ನಗರ ಹಿಡಿದು ಜನರನ್ನು ಕೊಂದು ಹಾಕಿತು. ಅದಾಗಿ ಎರಡು ವಾರವೂ ಆಗಿರಲಿಲ್ಲ, ಕದನವಿರಾಮಕ್ಕೆ ಒಪ್ಪಿದ್ದೇವೆ ಅಂದಿತು. ಬೇಕಾದ ಊರು ಕೈಗೆ ಸಿಕ್ಕ ಮೇಲೆ ಒಪ್ಪೋದು ಕಷ್ಟವೇನಲ್ಲ. ಬುರ್ಹಾನ್ ಆಗಲ್ಲ ಅಂದ. ಆ ಒಂಬತ್ತು ತಿಂಗಳ ಸರ್ಕಾರದಲ್ಲಿ ಅಡುಗೆಮನೆ ನಡೆಸಿದವರಿಗೆ ಎಷ್ಟು ಜಾಗ, ಯಾರು ಆರಿಸುತ್ತಾರೆ? 2019ರಲ್ಲೂ ಇದನ್ನು ಆಮೇಲೆ ನೋಡೋಣ ಅಂದಿದ್ದರು.

ಸುಮ್ನೆ_ಕೂತವ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ. ಆದರೆ ಸುಡಾನ್‌ನ ಚಿನ್ನ ಕೊಳ್ಳೋ ಹೊರಗಿನವರನ್ನು ಕೇಳದೆ ಅವರನ್ನು ಕೂರಿಸಿದರೂ ಹಮ್ದೋಕ್‌ಗೆ ಆದದ್ದೇ ಆಗುತ್ತದೆ, ಬೇಕಾದರೆ ಬರೆದಿಟ್ಟುಕೊಳ್ಳಿ.